ಮೇಲೆ ರೈಲು, ಕೆಳಗೆ ಜನ: ಒಂದು ಸೇತುವೆಯ ಚಿತ್ರವನ್ನು ಓದುವ ಬಗೆ

[ಪರದೆ: ಪೂರ್ತಿ ಚಿತ್ರ]

ನಮಸ್ಕಾರ. ನೀವೀಗ ನೋಡುತ್ತಿರುವುದು ಲಂಡನ್ನಿನ ಲಡ್ಗೇಟ್ ಹಿಲ್ ರಸ್ತೆ. ಫ್ರೆಂಚ್ ಕಲಾವಿದ ಗುಸ್ತಾವ್ ಡೋರೆ ಬರೆದ, 1872ರಲ್ಲಿ ಪ್ರಕಟವಾದ ಮರಗೆತ್ತನೆಯ ಚಿತ್ರ. ಕಣ್ಣು ಮೊದಲು ಜನರ ಕಡೆಗೆ ಹೋಗುತ್ತದೆ. ಸ್ವಲ್ಪ ತಡೆಯಿರಿ, ಸೇತುವೆಯಿಂದ ಶುರು ಮಾಡೋಣ.

[ಪರದೆ: ಸೇತುವೆ, ಹತ್ತಿರದಿಂದ]

ರೈಲು ಸೇತುವೆ ಚಿತ್ರವನ್ನು ಅಡ್ಡಲಾಗಿ ಸೀಳಿದೆ. ಮೇಲೆ ಹೊಗೆಯುಗುಳುವ ರೈಲು, ಹಿಂದೆ ಸೇಂಟ್ ಪಾಲ್ಸ್ ಚರ್ಚಿನ ಗುಮ್ಮಟ. ಕೆಳಗೆ ಗಾಡಿ, ಕುದುರೆ, ಕುರಿಮಂದೆ, ಕಾಲಿಡಲು ಜಾಗವಿಲ್ಲದಷ್ಟು ಜನ. ಈ ಸೇತುವೆ ದಾಟಿಸುವುದು ರೈಲಿನಲ್ಲಿ ಕುಳಿತವರನ್ನು. ಕೆಳಗೆ ಸಿಕ್ಕಿಕೊಂಡವರಿಗೆ ಅದು ನೆತ್ತಿಯ ಮೇಲಿನ ತೊಲೆ. 1865ರಲ್ಲಿ ಇದನ್ನು ಕಟ್ಟಿದಾಗ ಚರ್ಚಿನ ನೋಟ ಹಾಳಾಯಿತೆಂದು ದೊಡ್ಡ ಗದ್ದಲವೇ ಎದ್ದಿತ್ತು. ಡೋರೆ ಗುಮ್ಮಟವನ್ನೂ ರೈಲನ್ನೂ ಒಂದೇ ಆಕಾಶದಲ್ಲಿ ಇಟ್ಟಿದ್ದಾರೆ. ಹಳೆಯ ಅಧಿಕಾರವೂ ಹೊಸ ಬಂಡವಾಳವೂ ಮೇಲೆಯೇ ಇವೆ ಎಂದು ನಾನು ಓದಿಕೊಳ್ಳುತ್ತೇನೆ.

ಡೋರೆ ಕಂಡದ್ದನ್ನು ಬರೆಯದೆ ಕಲ್ಪಿಸಿಕೊಂಡಿದ್ದಾರೆ ಎಂಬ ಟೀಕೆ ಆಗಲೇ ಬಂದಿತ್ತು. ಇರಬಹುದು. ಆದರೆ ಯಾರನ್ನು ಎಲ್ಲಿ ನಿಲ್ಲಿಸಬೇಕೆಂಬ ಆಯ್ಕೆ ಅವರದೇ, ಚಿತ್ರ ಮಾತಾಡುವುದು ಅಲ್ಲಿ.

[ಪರದೆ: ಗುಂಪಿನ ನೆರಳು, ಇನ್ನೂ ಹತ್ತಿರದಿಂದ]

ಈಗ ಈ ಕಪ್ಪನ್ನು ನೋಡಿ. ಬಾಕ್ಸ್‌ವುಡ್ ಎಂಬ ಗಟ್ಟಿ ಮರದ ಕಾಂಡವನ್ನು ಅಡ್ಡಕ್ಕೆ ಕೊಯ್ದು, ಆ ನುಣುಪು ಮುಖದ ಮೇಲೆ ಸೂಕ್ಷ್ಮ ಉಳಿಯಿಂದ ಕೆತ್ತುತ್ತಾರೆ. ಕೆತ್ತಿ ತೆಗೆದ ಜಾಗ ಕಾಗದದಲ್ಲಿ ಬಿಳಿ, ಉಳಿಸಿದ ಜಾಗ ಶಾಯಿ ಹಿಡಿದು ಕಪ್ಪು. ಟೋಪಿಯೊಂದರ ಅಂಚಿನಲ್ಲಿ ಮಿನುಗುವ ಬಿಳಿ ಗೆರೆ ಯಾರದೋ ಕೈ ಉಳಿ ನೂಕಿದ ಗುರುತು. ಆ ಕೈ ಡೋರೆಯದಲ್ಲ. ಅವರು ಚಿತ್ರ ಬರೆಯುತ್ತಿದ್ದರು, ಕೆತ್ತುತ್ತಿದ್ದವರು ಬೇರೆ ಕುಶಲಕರ್ಮಿಗಳು. ಡೋರೆಯ ಅನೇಕ ಚಿತ್ರಗಳ ಮೂಲೆಯಲ್ಲಿ ಕೆತ್ತಿದವರ ಹೆಸರು ಸಣ್ಣದಾಗಿ ಸಿಗುತ್ತದೆ. ಬೇಲೂರಿನ ಮದನಿಕೆಯರ ಬಳಿ ಶಿಲ್ಪಿಗಳಾದ ದಾಸೋಜ, ಚಾವಣರ ಹೆಸರನ್ನು ಹುಡುಕಿ ಓದಿದ ನಮ್ಮ ಹಾಸನದವರಿಗೆ ಆ ಸಣ್ಣ ಅಕ್ಷರಗಳ ಬೆಲೆ ಬೇಗ ತಿಳಿಯುತ್ತದೆ.

[ಪರದೆ: ಎಡಕುಮೇರಿಯ ರೈಲು ಸೇತುವೆ]

ಲಡ್ಗೇಟ್ ಹಿಲ್ ಸೇತುವೆಯನ್ನು 1990ರಲ್ಲಿ ಕೆಡವಿದರು. ನಮ್ಮ ಸಕಲೇಶಪುರ ಘಟ್ಟದ ಸೇತುವೆಗಳ ಮೇಲೆ ರೈಲು ಇಂದಿಗೂ ಓಡುತ್ತಿದೆ. ಹಾಸನ–ಮಂಗಳೂರು ಮಾರ್ಗ ಪೂರ್ತಿಯಾದದ್ದು 1979ರಲ್ಲಿ. ಇವುಗಳ ಫೋಟೊಗಳಲ್ಲಿ ಕಾಡು, ಮಂಜು, ರೈಲು ಎಲ್ಲವೂ ಇರುತ್ತವೆ. ಕಂಬ ಎಬ್ಬಿಸಿದವರು, ಮಳೆಗಾಲದಲ್ಲಿ ಹಳಿ ಕಾಯುವ ಗ್ಯಾಂಗ್‌ಮನ್‌ಗಳು ಕಾಣುವುದು ಬಲು ಅಪರೂಪ. ಅವರಿರುವ ಹಳೆಯ ಫೋಟೊ ನಿಮ್ಮ ಮನೆಯಲ್ಲಿದ್ದರೆ ದಯವಿಟ್ಟು ನಮಗೆ ತಿಳಿಸಿ. ಮುಂದಿನ ವಿಡಿಯೋದಲ್ಲಿ ಅದನ್ನೇ ಇಟ್ಟುಕೊಂಡು ಮಾತಾಡೋಣ.