ಹೊಟ್ಟೆ ತುಂಬಿದ ಉಪವಾಸ

ಎಲ್ಲರಿಗೂ ನಮಸ್ಕಾರ. ಕೊಡಗಿನ ಹುತ್ತರಿ ಹಬ್ಬ ಕಳೆಯಿತು, ಕದಿರು ಮನೆಗೆ ಬಂತು, ಹುಲ್ಲು ಇನ್ನೂ ಕಣದಲ್ಲಿದೆ. ಕಾಫಿ ಕೊಯ್ಲಿನ ನಡುವೆ ಬಿಡುವು ಮಾಡಿಕೊಂಡು ಬಂದಿದ್ದೀರಿ, ಆದ್ದರಿಂದ ಪೀಠಿಕೆ ಬೇಡ.

ಆಹ್ವಾನ ಪತ್ರಿಕೆಯಲ್ಲಿ ವಿಷಯ 'ತಳಿ ಮತ್ತು ಮೇವು' ಎಂದಿದೆ. ನಾನು ಅದನ್ನು ತಿರುಗಿಸಿ ಹಾಕುತ್ತೇನೆ. ಇಂಗ್ಲಿಷಿನವರು ಹಸುವಿಗೆ ಕೃತಕ ಗರ್ಭಧಾರಣೆ ಮಾಡುವ ವೀರ್ಯದ ಕಡ್ಡಿಯನ್ನೂ ಸ್ಟ್ರಾ ಅನ್ನುತ್ತಾರೆ, ಭತ್ತದ ಹುಲ್ಲನ್ನೂ ಸ್ಟ್ರಾ ಅನ್ನುತ್ತಾರೆ. ಮೊದಲನೆಯದಕ್ಕೆ ರಾಜಮರ್ಯಾದೆ. ಕಾಲು ಮಿಲಿಲೀಟರಿನ ಕಡ್ಡಿ, ದ್ರವ ಸಾರಜನಕದೊಳಗೆ ಮೈನಸ್ 196 ಡಿಗ್ರಿಯಲ್ಲಿ ಮಲಗಿಕೊಂಡು ಊರೂರು ತಿರುಗುತ್ತದೆ. ಎರಡನೆಯದು ಗದ್ದೆಯಲ್ಲಿ ಇಬ್ಬನಿಗೆ ನೆನೆಯುತ್ತಾ ಬಿದ್ದಿರುತ್ತದೆ, ಇಲ್ಲವೇ ಲಾರಿ ಹತ್ತಿ ಘಟ್ಟ ಇಳಿಯುತ್ತದೆ. ಎರಡನೆಯ ಸ್ಟ್ರಾ ಸರಿಹೋಗದೆ ಮೊದಲನೆಯದು ಗಬ್ಬ ನಿಲ್ಲಿಸುವುದಿಲ್ಲ. ಇವತ್ತು ಇದನ್ನೇ ನಾಲ್ಕಾರು ಸಲ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಭತ್ತದ ಹುಲ್ಲಿನಲ್ಲಿ ಕಚ್ಚಾ ಪ್ರೋಟೀನ್ ನೂರಕ್ಕೆ 3ರಿಂದ 4. ಹಸುವಿನ ದೊಡ್ಡ ಹೊಟ್ಟೆಯ ಸೂಕ್ಷ್ಮಜೀವಿಗಳು ನಾರನ್ನು ಒಡೆಯಬೇಕಾದರೆ ಮೇವಿನಲ್ಲಿ ಕನಿಷ್ಠ 6ರಿಂದ 7 ಇರಬೇಕು. ಅದಕ್ಕಿಂತ ಇಳಿದರೆ ಹುಲ್ಲು ಒಳಗೆ ಕರಗದೆ ಕೂರುತ್ತದೆ. ಕೂತ ಹುಲ್ಲು ಖಾಲಿಯಾಗದೆ ಹಸು ಮತ್ತೆ ತಿನ್ನುವುದಿಲ್ಲ. ನೋಡುವವರಿಗೆ ಹೊಟ್ಟೆ ಉಬ್ಬಿಕೊಂಡಿದೆ, ಒಳಗೆ ಉಪವಾಸ. ತೋಟದ ಲೆಕ್ಕದಲ್ಲಿ ಹೇಳುವುದಾದರೆ, ಲೈನ್‌ಮನೆ ತುಂಬ ಆಳುಗಳಿದ್ದಾರೆ, ಕೈಗೆ ಕತ್ತಿ ಕೊಟ್ಟಿಲ್ಲ. ಪ್ರೋಟೀನಿನೊಳಗಿನ ಸಾರಜನಕವೇ ಆ ಕತ್ತಿ.

ಇಲ್ಲಿ ಫಿನ್ಲೆಂಡಿನ ವಿರ್ಟಾನೆನ್ ಅವರ ಕಥೆ ಹೇಳದೆ ಮುಂದೆ ಹೋಗಲಾರೆ. ಆರ್ಟೂರಿ ಇಲ್ಮರಿ ವಿರ್ಟಾನೆನ್, 1945ರ ರಸಾಯನಶಾಸ್ತ್ರದ ನೊಬೆಲ್ ಪಡೆದವರು. ಅವರ ದೇಶದಲ್ಲಿ ಚಳಿಗಾಲ ಬಂದರೆ ದನ ತಿಂಗಳುಗಟ್ಟಲೆ ಕೊಟ್ಟಿಗೆಯ ಹೊರಗೆ ಕಾಲಿಡುವುದಿಲ್ಲ. ನಮ್ಮ ಜೂನ್‌ನಿಂದ ಸೆಪ್ಟೆಂಬರ್ ಇದ್ದ ಹಾಗೆ ಅಂದುಕೊಳ್ಳಿ, ಮಳೆಯ ಬದಲು ಹಿಮ. ಹಸಿ ಮೇವಿಗೆ ಆಮ್ಲ ಬೆರೆಸಿ ಅದರ ಪಿಎಚ್ 4ಕ್ಕಿಂತ ಕೆಳಗಿಳಿಸಿದರೆ ಕೊಳೆಯುವುದಿಲ್ಲ ಎಂದು ಅವರು ಕಂಡುಕೊಂಡರು. ಆ ವಿಧಾನಕ್ಕೆ ಅವರ ಹೆಸರಿನ ಮೊದಲಕ್ಷರಗಳೇ ಹೆಸರಾದವು, ಎಐವಿ ಎಂದು. ನೊಬೆಲ್ ಬಂದಾಗ ಹೆಚ್ಚಾಗಿ ಹೆಸರಾದದ್ದು ಈ ಕೆಲಸವೇ, ಅಂದರೆ ಮೇವನ್ನು ಕೆಡದಂತೆ ಇಡುವ ಕೆಲಸ. ಹುಲ್ಲಿಗೂ ನೊಬೆಲ್ ಬರುತ್ತದೆ, ನೆನಪಿಡಿ.

ಆದರೆ ನನಗೆ ಪ್ರಿಯವಾದದ್ದು ಅವರ ಮುಪ್ಪಿನ ಕಾಲದ ಪ್ರಯೋಗ. 1960ರ ದಶಕದಲ್ಲಿ ಹಾಲು ಕೊಡುವ ಹಸುಗಳಿಗೆ ಪ್ರೋಟೀನ್ ಇಲ್ಲದ ಆಹಾರ ಕೊಟ್ಟು ನೋಡಿದರು. ಹುಲ್ಲಿಲ್ಲ, ಹಿಂಡಿಯಿಲ್ಲ, ಕಾಳಿಲ್ಲ. ಶುದ್ಧ ಮಾಡಿದ ಪಿಷ್ಟ, ಸೆಲ್ಯುಲೋಸ್, ಸಕ್ಕರೆ, ಸ್ವಲ್ಪ ಎಣ್ಣೆ, ಲವಣ. ಸಾರಜನಕಕ್ಕೆ ಯೂರಿಯಾ ಮತ್ತು ಅಮೋನಿಯಂ ಲವಣ ಮಾತ್ರ. ನಮ್ಮಲ್ಲಿ ಯಾರಾದರೂ ಇದನ್ನು ಕೊಟ್ಟಿಗೆಯಲ್ಲಿ ಮಾಡಿದ್ದರೆ ಮನೆಯ ಹಿರಿಯರು ಕೋಲು ತೆಗೆದುಕೊಂಡು ಬರುತ್ತಿದ್ದರು. ಆ ಹಸುಗಳು ಬದುಕಿದವು, ಗಬ್ಬ ಕಟ್ಟಿದವು, ಕರು ಹಾಕಿದವು. ಚೆನ್ನಾಗಿ ಕರೆದ ಹಸುವಿನ ಹಾಲು ವರ್ಷಕ್ಕೆ 4000 ಕೆಜಿ ದಾಟಿತು. 1966ರಲ್ಲಿ ಅವರು ಇದನ್ನು ಪ್ರಕಟಿಸಿದರು. ಹಾಲಿನಲ್ಲಿ ಪ್ರೋಟೀನ್ ಇತ್ತಲ್ಲ, ಅದು ಎಲ್ಲಿಂದ ಬಂತು? ಹೊಟ್ಟೆಯ ಸೂಕ್ಷ್ಮಜೀವಿಗಳು ಯೂರಿಯಾದ ಸಾರಜನಕ ತಿಂದು ತಮ್ಮ ಮೈಯನ್ನು ಪ್ರೋಟೀನ್ ಮಾಡಿಕೊಂಡವು. ಅವು ಕೆಳಗಿನ ಹೊಟ್ಟೆಗೆ ಜಾರಿದಾಗ ಹಸು ಅವನ್ನೇ ಜೀರ್ಣಿಸಿಕೊಂಡಿತು. ಇನ್ನೊಂದು ಮಾತು: ಅವರು ಹಸುಗಳನ್ನು ಒಂದೇ ದಿನ ಆ ಆಹಾರಕ್ಕೆ ತಿರುಗಿಸಲಿಲ್ಲ, ಮೆಲ್ಲಮೆಲ್ಲನೆ ಒಗ್ಗಿಸಿದರು. ನಮ್ಮಲ್ಲಿ ಯೂರಿಯಾ ವಿಷವಾಗುವುದು ಮುಖ್ಯವಾಗಿ ಈ 'ಮೆಲ್ಲಮೆಲ್ಲನೆ' ತಪ್ಪಿದಾಗ.

ಸರಿ, ಕಣಕ್ಕೆ ಬರೋಣ, ಹುಲ್ಲಿಗೆ ಯೂರಿಯಾ ಹಾಕುವ ಕ್ರಮಕ್ಕೆ. 100 ಕೆಜಿ ಒಣಹುಲ್ಲು, 4 ಕೆಜಿ ಯೂರಿಯಾ, 50 ಲೀಟರ್ ನೀರು. ಅಂದಾಜು ಬೇಡ, ಒಂದು ಕಟ್ಟನ್ನು ತಕ್ಕಡಿಗೆ ಹಾಕಿ, ಕಟ್ಟು ಎಣಿಸಿ. ನೆಲಕ್ಕೆ ಪ್ಲಾಸ್ಟಿಕ್ ಹಾಳೆ ಹಾಸಿ, ಒಂದು ಗೇಣಿನಷ್ಟು ದಪ್ಪ ಹುಲ್ಲು ಹರಡಿ, ಯೂರಿಯಾ ಪೂರ್ತಿ ಕರಗಿದ ನೀರನ್ನು ಗಿಡಕ್ಕೆ ಹಾಕುವ ಡಬ್ಬಿಯಲ್ಲಿ ಸಮನಾಗಿ ಚಿಮುಕಿಸಿ, ತುಳಿಯಿರಿ. ಮತ್ತೆ ಹುಲ್ಲು, ಮತ್ತೆ ನೀರು, ಮತ್ತೆ ತುಳಿತ. ಮೇಲೆ ಹಾಳೆ ಮುಚ್ಚಿ ಅಂಚಿಗೆ ಮಣ್ಣು ಹಾಕಿ. 21 ದಿನ ತೆಗೆಯಬೇಡಿ. ಮಡಿಕೇರಿ ಕಡೆಯ ಚಳಿಗೆ 28 ದಿನ ಇಡಿ, ಏಕೆಂದರೆ ಯೂರಿಯಾ ಅಮೋನಿಯಾ ಆಗುವ ವೇಗ ಬಿಸಿಯನ್ನು ನಂಬಿಕೊಂಡಿದೆ. ಆ ಅಮೋನಿಯಾ ಹುಲ್ಲನ್ನು ಗಟ್ಟಿ ಮಾಡುವ ಲಿಗ್ನಿನ್‌ನ ಹಿಡಿತವನ್ನು ಸಡಿಲಿಸುತ್ತದೆ. ಪ್ರೋಟೀನ್ ಲೆಕ್ಕ 3–4ರಿಂದ 7–8ಕ್ಕೆ ಏರುತ್ತದೆ, ಹುಲ್ಲು ಮೆತ್ತಗಾಗುತ್ತದೆ, ಹಸು ಹೆಚ್ಚು ತಿನ್ನುತ್ತದೆ.

ಕೆಡುವುದು ಎಲ್ಲಿ? ಹಾಳೆಯಲ್ಲಿ ತೂತಿದ್ದರೆ ಅಮೋನಿಯಾ ಹೋಗುತ್ತದೆ, ಬಿಳಿ ಬೂಷ್ಟು ಬರುತ್ತದೆ. ನೀರು ಹೆಚ್ಚಾದರೆ ಯೂರಿಯಾ ತಳಕ್ಕೆ ಇಳಿದು ಮೇಲಿನ ಹುಲ್ಲು ಹಾಗೇ ಉಳಿಯುತ್ತದೆ, ತಳದ್ದು ಅಪಾಯವಾಗುತ್ತದೆ. ಸರಿಯಾದ ಹುಲ್ಲು ಕಂದುಹಳದಿ ಬಣ್ಣಕ್ಕೆ ತಿರುಗಿರುತ್ತದೆ, ಮೂಗಿಗೆ ಚುರ್ ಅನ್ನುತ್ತದೆ. ಮುಗ್ಗಲು ವಾಸನೆ ಬಂದರೆ ಗೊಬ್ಬರಗುಂಡಿಗೆ ಹಾಕಿ, ದುಃಖಪಡಬೇಡಿ. ಇನ್ನೊಂದು ಎಚ್ಚರಿಕೆ, ಬಹಳ ಜನ ಇದನ್ನು ಹೇಳುವುದಿಲ್ಲ: ಇದೇ ರಾಶಿಗೆ ಬೆಲ್ಲ ಸುರಿಯಬೇಡಿ, ಹಸಿರಾಗಿ ಒಣಗಿಸಿದ ಒಳ್ಳೆಯ ಹುಲ್ಲನ್ನೂ ಹಾಕಬೇಡಿ. ಸಕ್ಕರೆ ಮತ್ತು ಅಮೋನಿಯಾ ಸೇರಿದರೆ ಹುಟ್ಟುವ ಮಿಥೈಲ್ ಇಮಿಡಜೋಲ್ ತಿಂದ ದನ ಹುಚ್ಚೆದ್ದು ಓಡಿ ಗೋಡೆಗೆ ಹಾಯುತ್ತದೆ. ಸಪ್ಪೆ ಹುಲ್ಲಿಗೇ ಈ ಉಪಚಾರ.

ತಿನ್ನಿಸುವ ಮುಂಚೆ ಗಂಟೆ ಎರಡು ಗಂಟೆ ಗಾಳಿಗೆ ಹರಡಿ. ಮೊದಲ ವಾರ ಅರ್ಧ ಮಾಮೂಲಿ ಹುಲ್ಲು ಬೆರೆಸಿ. ಆರು ತಿಂಗಳೊಳಗಿನ ಕರುವಿಗೆ, ಕುದುರೆಗೆ, ಹಂದಿಗೆ ಬೇಡವೇ ಬೇಡ. ಯೂರಿಯಾ ನೀರಿನ ಬಕೆಟ್ ಕೊಟ್ಟಿಗೆಯಲ್ಲಿ ಬಿಟ್ಟುಬರಬೇಡಿ. ಹಸು ಕುಡಿದು ನಡುಗಿದರೆ, ನೊರೆ ಬಿಟ್ಟು ಹೊಟ್ಟೆ ಉಬ್ಬಿದರೆ, ವೈದ್ಯರಿಗೆ ಫೋನ್ ಮಾಡಿ. ಅವರು ಬರುವಷ್ಟರಲ್ಲಿ ದೊಡ್ಡ ಹಸುವಿಗೆ 2ರಿಂದ 4 ಲೀಟರ್ ವಿನೆಗರ್, ಜೊತೆಗೆ ತಣ್ಣೀರು ಕುಡಿಸಿ. ಹುಳಿ ಅಮೋನಿಯಾವನ್ನು ಹಿಡಿಯುತ್ತದೆ, ತಣ್ಣೀರು ಅದು ಹುಟ್ಟುವ ವೇಗವನ್ನು ತಗ್ಗಿಸುತ್ತದೆ. ನುಂಗಲಾಗದ ಹಸುವಿಗೆ ಬಾಯಿಂದ ಸುರಿಯಬೇಡಿ, ಶ್ವಾಸಕ್ಕೆ ಹೋಗುತ್ತದೆ.

ಈಗ ನಮ್ಮದೇ ಸೊತ್ತು, ಕಾಫಿ ಹಣ್ಣು ಸುಲಿಯುವ ಯಂತ್ರದ, ಅಂದರೆ ಪಲ್ಪರ್‌ನ ಸಿಪ್ಪೆ. ರೋಬಸ್ಟಾವನ್ನು ಬಹುಪಾಲು ಚೆರ್ರಿಯಾಗಿಯೇ, ಅಂದರೆ ಇಡೀ ಹಣ್ಣಾಗಿಯೇ ಒಣಗಿಸುತ್ತೇವೆ, ಆ ಒಣ ಹೊಟ್ಟು ಬರೀ ನಾರು, ಅದರ ಆಸೆ ಬಿಡಿ. ನಾನು ಹೇಳುತ್ತಿರುವುದು ಅರೇಬಿಕಾದ ಹಸಿ ಸಿಪ್ಪೆ. ಗ್ವಾಟೆಮಾಲಾದಲ್ಲಿರುವ ಮಧ್ಯ ಅಮೆರಿಕದ ಪೋಷಣಾ ಸಂಸ್ಥೆ 1970ರ ದಶಕದಲ್ಲಿ ಇದರ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿತು. ಸಿಪ್ಪೆಯ ಒಣ ಅಂಶದಲ್ಲಿ ಪ್ರೋಟೀನ್ ನೂರಕ್ಕೆ ಹತ್ತರ ಆಸುಪಾಸು, ಅಂದರೆ ಹುಲ್ಲಿಗಿಂತ ಎಷ್ಟೋ ಮೇಲು. ಆದರೆ ಕೆಫೀನ್, ಟ್ಯಾನಿನ್ ಎರಡೂ ಇವೆ. ಕೆಫೀನ್ ಹೆಚ್ಚಾದರೆ ಹಸು ಮೇವು ಬಿಡುತ್ತದೆ, ಮೂತ್ರ ಹೆಚ್ಚು ಮಾಡುತ್ತದೆ, ತಿಂದ ಸಾರಜನಕ ಅದರಲ್ಲೇ ಹೋಗುತ್ತದೆ. ಬೆಳಗ್ಗೆ ಎದ್ದು ಮೂರು ಲೋಟ ಕಾಫಿ ಕುಡಿಯುವವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹಾಗಾಗಿ ಒಟ್ಟು ಒಣ ಮೇವಿನ ನೂರಕ್ಕೆ 20, ಅದೇ ಗಡಿ. ದಿನಕ್ಕೆ 10 ಕೆಜಿ ಒಣ ಲೆಕ್ಕದಲ್ಲಿ ತಿನ್ನುವ ಹಸುವಿಗೆ 2 ಕೆಜಿ. ಸಿಪ್ಪೆಯಲ್ಲಿ ನೂರಕ್ಕೆ 80 ನೀರೇ, ಹಸಿ ಲೆಕ್ಕದಲ್ಲಿ ಅದು 10 ಕೆಜಿ ಆಯಿತು. ಹಸಿ ಸಿಪ್ಪೆ ಎರಡು ಕೆಜಿಯಿಂದ ಶುರು ಮಾಡಿ, ಐದರಲ್ಲಿ ನಿಂತರೂ ನಷ್ಟವಿಲ್ಲ.

ಪಲ್ಪ್ ಮಾಡಿದ ದಿನವೇ ಗುಂಡಿಗೆ ಹಾಕಬೇಕು, ಮರುದಿನಕ್ಕೆ ಹುಳಿ ಬಂದು ಬೂಷ್ಟು ಹಿಡಿಯುತ್ತದೆ. ಒಂದು ಪದರ ಸಿಪ್ಪೆ, ಒಂದು ಪದರ ಕತ್ತರಿಸಿದ ಒಣಹುಲ್ಲು, ನೂರಕ್ಕೆ 3ರಂತೆ ಕಾಕಂಬಿ. ಹುಲ್ಲು ರಸವನ್ನು ಹೀರುತ್ತದೆ, ಇಲ್ಲದಿದ್ದರೆ ಆ ಕಪ್ಪು ನೀರು ತೋಡಿಗೆ ಹೋಗುತ್ತದೆ. ತೋಡಿನ ಕೆಳಗಿನ ಗದ್ದೆಯವರು ಏನನ್ನುತ್ತಾರೆ ಎಂದು ನಿಮಗೆ ಗೊತ್ತಿದೆ. ಚೆನ್ನಾಗಿ ತುಳಿದು, ಗಾಳಿ ಆಡದಂತೆ ಮುಚ್ಚಿ, 45 ದಿನ ಬಿಡಿ. ಕೀಟನಾಶಕ ಹೊಡೆದ ಬ್ಲಾಕಿನ ಸಿಪ್ಪೆ ಬೇಡ. ಗಿಡಕ್ಕೆ ಹೊಡೆಯುವ ತುತ್ತ-ಸುಣ್ಣದ ಬೋರ್ಡೋ ದ್ರಾವಣದ ತಾಮ್ರ ಕುರಿಗೆ ವಿಷ, ದನಕ್ಕಿಂತ ಬೇಗ ಕುರಿ ಬೀಳುತ್ತದೆ. ಬೋರ್ಡೋ ಹೊಡೆದ ಕೂಡಲೇ ಗಿಡದ ಬುಡದ ಹುಲ್ಲನ್ನು ಕೊಯ್ದು ತರಬೇಡಿ, ಎರಡು ಮೂರು ಮಳೆ ಬೀಳಲಿ.

ಹುಲ್ಲು ಅಂದಾಗ ನೆನಪಾಯಿತು: ನೆರಳು ತಡೆಯುವುದು ಗಿನಿ ಹುಲ್ಲು, ನೇಪಿಯರ್‌ಗೆ ಬಿಸಿಲು ಬೇಕು. ತೋಟದ ಅಂಚಿಗೆ ನೇಪಿಯರ್, ಮರದಡಿಗೆ ಗಿನಿ. ನೇಪಿಯರ್ ಮೊದಲ ಕಟಾವು 75 ದಿನಕ್ಕೆ, ಆಮೇಲೆ 45 ದಿನಕ್ಕೊಮ್ಮೆ. ಎತ್ತರ ಬೆಳೆಯಲಿ ಎಂದು ಬಿಟ್ಟರೆ ಕಡ್ಡಿ ತಿನ್ನಿಸಿದ ಹಾಗೆ. ಹಾಲುವಾಣದ ಕೊಂಬೆ ಸವರಿದಾಗ ಸೊಪ್ಪನ್ನು ಬುಡಕ್ಕೆ ಎಸೆಯುತ್ತೀರಲ್ಲ, ಒಂದು ಹೊರೆ ಕೊಟ್ಟಿಗೆಗೂ ಹೋಗಲಿ. ಭತ್ತದ ಹುಲ್ಲು, ನೇಪಿಯರ್ ಎರಡರಲ್ಲೂ ಆಕ್ಸಲೇಟ್ ಇದೆ, ಅದು ಸುಣ್ಣದ ಅಂಶವನ್ನು, ಅಂದರೆ ಕ್ಯಾಲ್ಸಿಯಂ ಅನ್ನು ಕಟ್ಟಿಹಾಕುತ್ತದೆ. ಹುಲ್ಲಿನಲ್ಲಿ ರಂಜಕವೂ ಕಡಿಮೆ. ಹಾಲು ಕೊಡುವ ಹಸುವಿಗೆ ದಿನಕ್ಕೆ 50 ಗ್ರಾಂ ಖನಿಜ ಮಿಶ್ರಣ ಕೊಡುವುದನ್ನು ಬಿಡಬೇಡಿ. ಯಾವ ಜಾಗದಲ್ಲಿ ಯಾವ ಖನಿಜ ಕೊರತೆ ಎಂದು ನೋಡಿ ಅದಕ್ಕೆ ತಕ್ಕ ಮಿಶ್ರಣ ಮಾಡುವ ಕೆಲಸವನ್ನು ಬೆಂಗಳೂರು ಆಡುಗೋಡಿಯ ರಾಷ್ಟ್ರೀಯ ಪಶು ಪೋಷಣಾ ಸಂಸ್ಥೆ ಮಾಡಿದೆ.

ಚೀಟಿ ಬಂತು, ಹತ್ತು ನಿಮಿಷವಂತೆ. ತಳಿ ಇನ್ನೂ ಶುರುವೇ ಆಗಿಲ್ಲ! ಪರವಾಗಿಲ್ಲ, ಅದು ಮೇವಿನ ಹಿಂದೆಯೇ ಬರಬೇಕಾದ್ದು.

ಮಲೆನಾಡು ಗಿಡ್ಡ, ಕರ್ನಾಲಿನ ರಾಷ್ಟ್ರೀಯ ಪಶು ಆನುವಂಶಿಕ ಸಂಪನ್ಮೂಲ ಬ್ಯೂರೋ ನೋಂದಾಯಿಸಿದ ತಳಿ. 100 ಕೆಜಿ ತೂಕದ ದನ, ದಿನಕ್ಕೆ ಎರಡೂವರೆ ಕೆಜಿ ಒಣ ಮೇವು ಸಾಕು, ಹಾಲು ಒಂದೆರಡು ಲೀಟರ್. 400 ಕೆಜಿಯ ಮಿಶ್ರತಳಿಗೆ 10 ಕೆಜಿ ಬೇಕು. ಗಿಡ್ಡ ಬದುಕಿದ್ದು ಬಾಣೆಯ ಮೇಲೆ. ಗದ್ದೆಗೆ ಸೊಪ್ಪು, ಮನೆಗೆ ಸೌದೆ, ದನಕ್ಕೆ ಮೇವು ಎಂದು ಹಿರಿಯರಿಗೆ ಸಿಕ್ಕ ಬಾಣೆಯಲ್ಲಿ ಈಗ ಕಾಫಿ ನಿಂತಿದೆ. ಬಾಣೆ ಹೋಯಿತು, ನಾಲ್ಕು ಗಿಡ್ಡಗಳಷ್ಟು ತಿನ್ನುವ ಹಸು ಬಂತು, ಹುಲ್ಲು ಮಾತ್ರ ಲಾರಿ ಹತ್ತಿತು. ನೋಡಿ, ಮತ್ತೆ ಎರಡನೆಯ ಸ್ಟ್ರಾಕ್ಕೆ ಬಂದೆ.

ಗಿಡ್ಡಕ್ಕೆ ಅಥವಾ ಊರ ಹಸುವಿಗೆ ಜರ್ಸಿ ಕೊಟ್ಟರೆ ಮೊದಲ ತಲೆಮಾರಿನಲ್ಲಿ ಎರಡು ತಳಿ ಬೆರೆತ ಹುರುಪು ಪೂರ್ತಿ ಕಾಣುತ್ತದೆ. ಆ ಕರು ಬೆಳೆದ ಮೇಲೆ ಅದಕ್ಕೆ ಅದರಂಥದೇ ಮಿಶ್ರತಳಿ ಹೋರಿ ಕೊಟ್ಟರೂ, ಶುದ್ಧ ಜರ್ಸಿ ಕೊಟ್ಟರೂ ಆ ಹುರುಪು ಅರ್ಧಕ್ಕೆ ಇಳಿಯುತ್ತದೆ. ಎರಡನೆಯ ದಾರಿಯಲ್ಲಿ ವಿದೇಶಿ ರಕ್ತ ನೂರಕ್ಕೆ 75 ಆಗುತ್ತದೆ, ಉಣ್ಣಿಯನ್ನೂ ಅದು ಹರಡುವ ಥೈಲೇರಿಯಾ ರೋಗವನ್ನೂ ತಡೆಯುವ ಶಕ್ತಿ ಕರಗುತ್ತದೆ. ನಮ್ಮ ದೇಶದ ಅನುಭವ 50ರಿಂದ 62.5ರಲ್ಲಿ ನಿಲ್ಲಿ ಅನ್ನುತ್ತದೆ. ಹಾಗಾಗಿ ಕೊಟ್ಟಿಗೆಯ ಗೋಡೆಗೆ ಬರೆಯಿರಿ: ಯಾವ ದಿನ, ಯಾವ ಹೋರಿ, ಹೋರಿಯ ಸಂಖ್ಯೆ, ರಕ್ತ ಎಷ್ಟು. ಬರೆಯದಿದ್ದರೆ ತಂದೆಯ ವೀರ್ಯವೇ ಮಗಳಿಗೆ ಬೀಳುತ್ತದೆ, ಆ ಕರುವಿನ ಒಳಸಂತಾನ ಪ್ರಮಾಣ ನೂರಕ್ಕೆ 25.

ಬೆದೆ ಬೆಳಗ್ಗೆ ಕಂಡರೆ ಸಂಜೆಗೆ ಕಡ್ಡಿ ಹಾಕಿಸಿ, ಸಂಜೆ ಕಂಡರೆ ಮರುದಿನ ಬೆಳಗ್ಗೆ. ರಾತ್ರಿ ಮಲಗುವ ಮುಂಚೆ ಟಾರ್ಚ್ ಹಿಡಿದು ಒಮ್ಮೆ ಕೊಟ್ಟಿಗೆ ನೋಡಿ, ಮಿಶ್ರತಳಿಯ ಬೆದೆ ಕದ್ದು ಬಂದು ಕದ್ದು ಹೋಗುತ್ತದೆ. ಬಾಲಕ್ಕೆ ರಕ್ತ ಅಂಟಿದ್ದು ಕಂಡರೆ ಬೆದೆ ಎರಡು ದಿನದ ಹಿಂದೆಯೇ ಹೋಗಿದೆ. ಅಂದಿನಿಂದ 18–19 ದಿನ ಎಣಿಸಿ ಕಾಯಿರಿ. ಕಡ್ಡಿಯನ್ನು 37 ಡಿಗ್ರಿ ನೀರಿನಲ್ಲಿ 30 ಸೆಕೆಂಡ್ ಕರಗಿಸಬೇಕು. ಕಂಕುಳಲ್ಲಿ ಇಟ್ಟುಕೊಂಡು ಮಾತಾಡುತ್ತಾ ನಿಲ್ಲುವವರನ್ನು ಕಂಡರೆ ಮರ್ಯಾದೆಯಿಂದ ಬಿಸಿನೀರು ಮತ್ತು ಥರ್ಮಾಮೀಟರ್ ಮುಂದಿಡಿ. ಹೆಣ್ಣುಕರುವೇ ಹುಟ್ಟುವಂತೆ ವಿಂಗಡಿಸಿದ ವೀರ್ಯದ ಬಗ್ಗೆ ಕೇಳುತ್ತೀರಿ: ನೂರಕ್ಕೆ 90 ಹೆಣ್ಣು, ನಿಜ. ಆದರೆ ಮಾಮೂಲಿ ಕಡ್ಡಿಯಲ್ಲಿ 2 ಕೋಟಿ ವೀರ್ಯಾಣು ಇದ್ದರೆ ಇದರಲ್ಲಿ ಅದರ ಒಂದು ಪಾಲು ಮಾತ್ರ, ಗಬ್ಬ ನಿಲ್ಲುವುದು ಕಡಿಮೆ. ಚೆನ್ನಾಗಿ ಬೆಳೆದ ಪಡ್ಡೆಗೆ ಹಾಕಿಸಿ, ಮೂರು ಸಲ ಗಬ್ಬ ನಿಲ್ಲದೆ ಬೆದೆಗೆ ತಿರುಗಿದ ಹಸುವಿಗೆ ಬೇಡ. ಬೆನ್ನುಮೂಳೆ ಎಣಿಸುವ ಹಾಗೆ ಕಾಣುವ ಹಸುವಿಗೆ ಯಾವುದೂ ಬೇಡ, ಮೊದಲು ಮೇವು.

ಹಂದಿಯ ಬಗ್ಗೆ ಮುಕ್ಕಾಲು ಗಂಟೆ ಇಟ್ಟುಕೊಂಡಿದ್ದೆ, ಉಳಿದದ್ದು ಎರಡು ನಿಮಿಷ. ಗಬ್ಬ 114 ದಿನ, ಮೂರು ತಿಂಗಳು ಮೂರು ವಾರ ಮೂರು ದಿನ. ಮರಿಗೆ ಮೂರನೆಯ ದಿನ ಕಬ್ಬಿಣದ ಚುಚ್ಚುಮದ್ದು, ಸಿಮೆಂಟ್ ನೆಲದಲ್ಲಿ ಹುಟ್ಟಿದ ಮರಿಗೆ ಮಣ್ಣಿನ ಕಬ್ಬಿಣ ಸಿಗುವುದಿಲ್ಲ. ಹೋಟೆಲಿನ, ಕಲ್ಯಾಣ ಮಂಟಪದ ಉಳಿಕೆ ತರುವವರು 90 ಡಿಗ್ರಿಯಲ್ಲಿ ಒಂದು ಗಂಟೆ ಕಲಕುತ್ತಾ ಬೇಯಿಸಿ. ಆಫ್ರಿಕನ್ ಹಂದಿಜ್ವರ 2020ರಲ್ಲಿ ದೇಶದೊಳಗೆ ಬಂದಿದೆ, ಅದಕ್ಕೆ ಮದ್ದಿಲ್ಲ. ಉಳಿದದ್ದನ್ನು ಪ್ರಶ್ನೆಯಲ್ಲಿ ಕೇಳಿ.

ಹಿಂದಿನ ಅಂಗಳದಲ್ಲಿ 21 ದಿನದ ಹಿಂದೆ ಮುಚ್ಚಿದ ರಾಶಿಯೊಂದಿದೆ, ಈಗ ಹಾಳೆ ತೆಗೆಯುತ್ತಾರೆ. ಗಾಳಿ ಬರುವ ಕಡೆಗೆ ಬೆನ್ನು ಮಾಡಿ ನಿಲ್ಲಿ, ಕಣ್ಣು ಉರಿಯುತ್ತದೆ. ಮಕ್ಕಳನ್ನು ಸ್ವಲ್ಪ ದೂರ ಇಟ್ಟುಕೊಳ್ಳಿ. ಕೈಯಲ್ಲಿ ಒಂದು ಹಿಡಿ ತೆಗೆದು ಹಿಸುಕಿ, ಬಣ್ಣ ನೋಡಿ, ಆಮೇಲೆ ಊಟಕ್ಕೆ ಹೋಗೋಣ.