ಬಾಯಾಗ ಹೊಳ್ಳುವ ಪದ

ಕೇಳುಗರೇ, ನಮಸ್ಕಾರ. ದಪ್ಪು ಬಾರಿಸುತ್ತಾ ಕಥೆ ಹಾಡುವ ನಮ್ಮ ಬಾಗಲಕೋಟೆ ಸೀಮೆಯ ಗೀಗೀ ಮೇಳಗಳಿಗೆ ನಾನು ಪದ, ಅಂದರೆ ಹಾಡು, ಬರೆದುಕೊಡುತ್ತೇನೆ. ಜನರ ಬಾಯಲ್ಲಿ ಉಳಿಯುವ ಪದ ಹೇಗಿರುತ್ತದೆ, ನಾನು ಕಂಡಷ್ಟನ್ನು ಇವತ್ತು ಹೇಳುತ್ತೇನೆ.

ನಾನು ಬರೆದ ಮೊದಲ ಪದ ಮಳೆ ಬಾರದ ವರ್ಷದ ಮೇಲೆ. ಪಲ್ಲವಿಯಲ್ಲೇ 'ಅನಾವೃಷ್ಟಿ' ಅಂತ ಹಾಕಿದ್ದೆ. ಮೇಳದ ಹಿರಿಯ ಹಾಡುಗಾರ್ತಿ ಎರಡು ಸಲ ಹಾಡಿ ನೋಡಿ ದಪ್ಪು ಕೆಳಗಿಟ್ಟರು. "ಪದ ಚಲೋ ಐತಿ ತಮ್ಮಾ, ಆದ್ರ ಬಾಯಾಗ ಹೊಳ್ಳವಲ್ದು. ಮಳಿ ಹೋದಾಗ ನಿಮ್ಮವ್ವ ಏನಂತಿದ್ಲು?" ಅಂತ ಕೇಳಿದರು. ಹೊಳ್ಳುವುದು ಅಂದರೆ ಹೊರಳುವುದು.

ಅವ್ವ ಏನೂ ಅನ್ನುತ್ತಿರಲಿಲ್ಲ. ಬಿತ್ತಲೆಂದು ತೆಗೆದಿಟ್ಟ ಜೋಳದ ಚೀಲವನ್ನು ಸುಮ್ನೆ ನೋಡುತ್ತಾ ನಿಲ್ಲುತ್ತಿದ್ದಳು. ಅದನ್ನೇ ಹೇಳಿದೆ. "ಹಂಗಾರ ಅದನ್ನ ಬರಿ" ಅಂದರು. ಆ ಚೀಲವೇ ಪಲ್ಲವಿಗೆ ಬಂತು. ಜಾತ್ರೆಯ ರಾತ್ರಿ ಮೂರನೇ ನುಡಿ, ಅಂದರೆ ಚರಣ, ಮುಗಿಯುವಷ್ಟರಲ್ಲಿ ಕಟ್ಟೆ ಮೇಲೆ ಕೂತ ಹೆಣ್ಣುಮಕ್ಕಳೂ ಹಿಮ್ಮೇಳದ ಜೊತೆ ದನಿ ಕೂಡಿಸಿದರು.

ಹಲಗಲಿ ಬೇಡರ ಲಾವಣಿ ನಿಮಗೆ ಗೊತ್ತು. 1857ರಲ್ಲಿ ಬ್ರಿಟಿಷರು ಆಯುಧ ಒಪ್ಪಿಸಿ ಅಂದಾಗ ಮುಧೋಳ ಸೀಮೆಯ ಈ ಊರು ಒಪ್ಪಲಿಲ್ಲ. ದಂಡು ಬಂದು ಊರನ್ನೇ ಸುಟ್ಟಿತು. ಅದನ್ನು ಹೇಳುವಾಗ ಲಾವಣಿಕಾರ ದುಃಖ, ಸಂಕಟ ಅಂತೆಲ್ಲ ಹೇಳುತ್ತಾ ಕೂರುವುದಿಲ್ಲ. ದಂಡಿನವರು ಏನೇನು ದೋಚಿದರು ಅಂತ ಎಣಿಸುತ್ತಾನೆ. ಕೊಡಲಿ, ಮೊಸರು, ಬೆಣ್ಣೆ, ಉಪ್ಪು, ಎಣ್ಣೆ, ಜೀರಿಗೆ, ಮಂಗಳಸೂತ್ರ, ಬೀಸುಕಲ್ಲು. ಬೀಸುಕಲ್ಲನ್ನೂ ಬಿಡಲಿಲ್ಲ ಅಂದರೆ ಆ ಮನೆಯಲ್ಲಿ ಇನ್ನೇನು ಉಳಿಯಿತು? ಈ ಸಾಲು ಬಂದಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ.

ಬೀಸುಕಲ್ಲು ಅಂದಾಗ, ಬೀಸುವಾಗ ಹೆಣ್ಣುಮಕ್ಕಳು ಹಾಡುವ ಮೂರು ಸಾಲಿನ ಪದ, ತ್ರಿಪದಿ ನೆನಪಾಗುತ್ತದೆ. ವಿಜಯಪುರ ಜಿಲ್ಲೆಯ ಹಲಸಂಗಿ ಗೆಳೆಯರು ಹೆಣ್ಣುಮಕ್ಕಳ ಬಾಯಿಂದ ಇಂಥ ಪದಗಳನ್ನು ಕೇಳಿ ಬರೆದುಕೊಂಡು 1931ರಲ್ಲಿ 'ಗರತಿಯ ಹಾಡು' ತಂದರು. ಪುಸ್ತಕದಲ್ಲಿ ಮೂರೇ ಸಾಲು. ಹಾಡುವಾಗ ಎರಡನೇ ಸಾಲಿನ ಒಂದಷ್ಟು ಭಾಗ ಮತ್ತೆ ಬರುತ್ತದೆ, ಆಮೇಲೆ ಮೂರನೆಯದು. ಹಾಡುವವಳಿಗೆ ಉಸಿರು ತಿರುಗಿಸಲು ಸಮಯ, ಕೇಳುವವರಿಗೆ ಮಾತು ಇಳಿಯಲು ಸಮಯ. ಓದುವವರು ಹಿಂದಿನ ಪುಟಕ್ಕೆ ಹೋಗಬಹುದು, ಕೇಳುವವರು ಹೋಗಲಾರರು ಅಲ್ವಾ? ಹಾಗಾಗಿ ಮುಖ್ಯ ಮಾತನ್ನು ನಾನು ಮೊದಲ ಸಾಲಿಗೇ ತುರುಕುವುದಿಲ್ಲ. ಕಿವಿ ಹದವಾದ ಮೇಲೆ ಇಡುತ್ತೇನೆ.

ಈಗ ಡಿಜೆ ಟ್ರ್ಯಾಕಿಗೆ ಜಾನಪದ ಬರೆಯುವ ಹುಡುಗರು ನಮ್ಮ ಸೀಮೆಯಲ್ಲಿ ಜಾಸ್ತಿ ಇದ್ದಾರೆ. ಅವರು ಮನೆಮಾತಿನಲ್ಲೇ ಬರೆಯುತ್ತಾರೆ, ಅದು ನನಗೆ ಬಹಳ ಇಷ್ಟ. ಆದರೆ ಪ್ರಾಸ ಸಿಕ್ಕ ಕೂಡಲೇ ಪೆನ್ನು ಕೆಳಗಿಡಬೇಡಿ ತಮ್ಮಂದಿರೇ. ಕೈಬಿಟ್ಟುಹೋದ ಹುಡುಗಿಯ ಮೇಲೆ ಬರೆಯಿರಿ, ಬೇಡ ಅನ್ನುವುದಿಲ್ಲ. ಅವಳು ಯಾವ ಬಸ್ಸು ಹತ್ತಿದಳು, ಕೈಯಲ್ಲಿ ಏನಿತ್ತು, ಅದನ್ನೂ ಹೇಳಿ.

ನಾನೀಗ ಮುಳುಗಡೆಯ ಮೇಲೆ ಒಂದು ಪದ ಕಟ್ಟುತ್ತಿದ್ದೇನೆ. ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಬಂದಾಗ ಹಳೇ ಬಾಗಲಕೋಟೆಯಿಂದ ಬಾಗಿಲ ಚೌಕಟ್ಟು ಬಿಚ್ಚಿ ನವನಗರಕ್ಕೆ ತಂದ ಅಜ್ಜಿಯೊಬ್ಬರು ನಮ್ಮ ಓಣಿಯಲ್ಲಿದ್ದಾರೆ. ನುಡಿ ನಾಲ್ಕು ಆಗಿವೆ, ಪಲ್ಲವಿ ಮಾತ್ರ ಕೂಡಿಲ್ಲ. ಈ ಭಾನುವಾರ ಅವರ ಹೊಸ್ತಿಲ ಹತ್ತಿರ ಕೂತು ಕೇಳಬೇಕು. ಆ ಚೌಕಟ್ಟು ಹೊರುವಾಗ ಅವರು ಏನಂದಿದ್ದರು ಅಂತ.