ಗುಟ್ಟು ಕಾಪಾಡಿದ ಡಾಕ್ಟರು

ಎಲ್ಲರಿಗೂ ನಮಸ್ಕಾರ.

ಮದುವೆಯಾಗಿ ಎರಡು ವರ್ಷ ಕಳೆದರೆ ಸಾಕು, "ಏನಮ್ಮಾ, ಇನ್ನೂ ವಿಶೇಷ ಇಲ್ವಾ?" ಅಂತ ಶುರುವಾಗುತ್ತದೆ. ಕೇಳುವವರಿಗೆ ಅದು ಕುಶಲ ವಿಚಾರಿಸಿದ ಹಾಗೆ. ಕೇಳಿಸಿಕೊಂಡವಳು ಸೀಮಂತಕ್ಕೆ, ನಾಮಕರಣಕ್ಕೆ ಹೋಗುವುದನ್ನೇ ಬಿಟ್ಟುಬಿಡುತ್ತಾಳೆ. ಅದಕ್ಕೇ ಹೇಳುತ್ತೇನೆ, ಮಕ್ಕಳಾಗದವರಿಗೆ ಚಿಕಿತ್ಸೆ ಕೊಡುವ ಡಾಕ್ಟರಿಗೆ ಜಾಣ್ಮೆಯಷ್ಟೇ ಬಾಯಿಬಿಗಿಯೂ ಇರಬೇಕು. ಕಲ್ಕತ್ತೆಯ ಡಾ. ಸುಭಾಷ್ ಮುಖೋಪಾಧ್ಯಾಯರಲ್ಲಿ ಎರಡೂ ಇದ್ದವು.

ಅವರು ಹುಟ್ಟಿದ್ದು 1931ರಲ್ಲಿ, ಹಜಾರಿಬಾಗ್‌ನಲ್ಲಿ. ಕಲ್ಕತ್ತೆಯಲ್ಲಿ ಡಾಕ್ಟರಿಕೆ ಓದಿ, ಅಲ್ಲೊಂದು, ಎಡಿನ್‌ಬರೋದಲ್ಲೊಂದು ಅಂತ ಎರಡು ಪಿಎಚ್‌ಡಿ ಮಾಡಿದರು. ಹಾರ್ಮೋನುಗಳ ವಿಷಯ ಅವರಿಗೆ ನೀರು ಕುಡಿದಷ್ಟು ಸಲೀಸು.

ಅವರ ಹತ್ತಿರ ಬಂದ ಒಬ್ಬ ಹೆಣ್ಣುಮಗಳ ಗರ್ಭನಾಳಗಳು, ಅಂದರೆ ಅಂಡಾಣು ಗರ್ಭಕೋಶಕ್ಕೆ ಸಾಗುವ ನಾಳಗಳು, ಮುಚ್ಚಿಹೋಗಿದ್ದವು. ಹಾರ್ಮೋನ್ ಇಂಜೆಕ್ಷನ್ ಕೊಟ್ಟು ಒಂದೇ ಸಲಕ್ಕೆ ಹಲವು ಅಂಡಾಣು ಬೆಳೆಯುವಂತೆ ಮಾಡಿದರು. ಹೊಟ್ಟೆ ಕೊಯ್ಯಲಿಲ್ಲ, ಯೋನಿಮಾರ್ಗದಿಂದಲೇ ಹೊರತೆಗೆದರು. ಆದರೆ ಲ್ಯಾಬ್‌ನಲ್ಲಿ ವೀರ್ಯಾಣುವಿನ ಜೊತೆ ಸೇರಿಸಿ ಬೆಳೆಸಿದ ಭ್ರೂಣವನ್ನು ತಕ್ಷಣ ಗರ್ಭಕೋಶದ ಒಳಗೆ ಇಡಲಿಲ್ಲ. ಅಷ್ಟು ಹಾರ್ಮೋನ್ ಹೋದ ತಿಂಗಳು ಗರ್ಭಕೋಶದ ಒಳಪದರ ಹದವಾಗಿರುವುದಿಲ್ಲ ಅಂತ ಅವರ ಲೆಕ್ಕ. ಭ್ರೂಣವನ್ನು ಘನೀಕರಿಸಿ ಕಾದಿಟ್ಟರು. ಆಕೆಯ ಮೈ ತನ್ನಷ್ಟಕ್ಕೆ ಸರಿಹೋದ ಮೇಲೆ ಇಟ್ಟರು. ಇವತ್ತು ನಮ್ಮೂರಿನ ಐವಿಎಫ್ ಸೆಂಟರ್‌ಗಳಲ್ಲೂ ಇದೇ ಕ್ರಮ ಜಾಸ್ತಿ ನಡೆಯುತ್ತದೆ, ಅಲ್ವಾ? ಅವರು ಮಾಡಿದ್ದು 1978ರಲ್ಲಿ!

ಆ ವರ್ಷ ಅಕ್ಟೋಬರ್ 3ರಂದು ಹೆಣ್ಣುಮಗು ಹುಟ್ಟಿತು. ಇಂಗ್ಲೆಂಡಿನಲ್ಲಿ ಜಗತ್ತಿನ ಮೊದಲ ಪ್ರನಾಳ ಶಿಶು, ಅಂದರೆ ಹೀಗೆ ಲ್ಯಾಬ್‌ನಲ್ಲಿ ಬೆಳೆದ ಭ್ರೂಣದಿಂದಾದ ಮಗು, ಹುಟ್ಟಿ ಎರಡೂವರೆ ತಿಂಗಳೂ ಆಗಿರಲಿಲ್ಲ. ಹೆತ್ತವರಿಗೆ ಸಂಭ್ರಮದ ಜೊತೆಗೆ ಭಯವೂ ಇತ್ತು. ನೆಂಟರು ಏನಂದಾರು, ನಾಳೆ ಮಗಳನ್ನು ಜನ ಹೇಗೆ ನೋಡಿಯಾರು? ಹಾಗಾಗಿ ಹೊರಗಿನ ಲೋಕಕ್ಕೆ ಆ ಮಗು ಬರೀ 'ದುರ್ಗಾ'. ನಿಜವಾದ ಹೆಸರು ಮನೆಯೊಳಗೇ ಉಳಿಯಿತು.

ಡಾಕ್ಟರು ತಮ್ಮ ಕೆಲಸವನ್ನು ಹೊರಗೆ ಹೇಳಿದಾಗ ಸರ್ಕಾರ ವಿಚಾರಣಾ ಸಮಿತಿ ಕೂರಿಸಿತು. ಈ ವಿದ್ಯೆ ಗೊತ್ತಿಲ್ಲದವರೇ ಕೂತು, ಇವರ ಮಾತು ಸುಳ್ಳು ಅಂತ ತೀರ್ಪು ಕೊಟ್ಟರು. ಜಪಾನಿಗೆ ಹೋಗಿ ತಮ್ಮ ಕೆಲಸ ವಿವರಿಸಲೂ ಬಿಡಲಿಲ್ಲ. ಆ ಕುಟುಂಬವನ್ನು ಪತ್ರಕರ್ತರ ಮುಂದೆ ತಂದು ನಿಲ್ಲಿಸಿ ತಾನು ಪಾರಾಗುವ ದಾರಿ ಅವರು ಹಿಡಿಯಲಿಲ್ಲ. ಕೊನೆಗೆ ಕಣ್ಣಿನ ಸಂಸ್ಥೆಗೆ ವರ್ಗವಾಯಿತು. 1981ರ ಜೂನ್ 19ರಂದು ಅವರು ತಮ್ಮ ಜೀವ ತಾವೇ ತೆಗೆದುಕೊಂಡರು. ಈ ಅನ್ಯಾಯ ನೆನೆದರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

ಅವರ ಹೆಸರು ಉಳಿಸಿದವರು ಡಾ. ಟಿ. ಸಿ. ಆನಂದ್ ಕುಮಾರ್. 1986ರಲ್ಲಿ ಮುಂಬೈಯಲ್ಲಿ ಹುಟ್ಟಿದ ಪ್ರನಾಳ ಶಿಶುವಿನಿಂದಾಗಿ 'ಭಾರತದಲ್ಲಿ ಮೊದಲು' ಅನ್ನುವ ಮನ್ನಣೆ ಅವರ ತಂಡಕ್ಕೇ ಸಿಕ್ಕಿತ್ತು. ಆಮೇಲೆ ಬೆಂಗಳೂರಿನಲ್ಲಿ ನೆಲೆಸಿದರು. ಮುಖೋಪಾಧ್ಯಾಯರ ಕೈಬರಹದ ಟಿಪ್ಪಣಿಗಳನ್ನು ಓದಿ ನೋಡಿ, 1997ರಲ್ಲಿ ಬೆಂಗಳೂರಿನದ್ದೇ ಆದ 'ಕರೆಂಟ್ ಸೈನ್ಸ್' ಎಂಬ ವಿಜ್ಞಾನ ಪತ್ರಿಕೆಯಲ್ಲಿ, ಮೊದಲಿಗರು ನಾವಲ್ಲ, ಅವರು ಅಂತ ಬರೆದರು. ದುರ್ಗಾ ತಾನಾಗಿಯೇ ಜನರ ಮುಂದೆ ಬಂದದ್ದು ದೊಡ್ಡವಳಾದ ಮೇಲೆ, ತನ್ನ ಇಪ್ಪತ್ತೈದನೇ ಹುಟ್ಟುಹಬ್ಬದಂದು.

ನರ್ಸಿಂಗ್ ಓದುತ್ತಿರುವ ಮಕ್ಕಳು ಇಲ್ಲಿ ತುಂಬಾ ಜನ ಇದ್ದೀರಿ. ನಿಮ್ಮಲ್ಲಿ ಒಂದು ಬೇಡಿಕೆ. ಒಪಿಡಿಯಲ್ಲಿ ವೀರ್ಯ ಪರೀಕ್ಷೆಯ ರಿಪೋರ್ಟ್ ಬಂದಾಗ ಹೆಸರು ಹಿಡಿದು ಕೂಗಿ ಹೇಳಬೇಡಿ. ಅತ್ತೆಯವರನ್ನು ಸ್ವಲ್ಪ ಹೊತ್ತು ಹೊರಗೆ ಕೂರಿಸಿ, ಗಂಡ-ಹೆಂಡತಿ ಇಬ್ಬರನ್ನೂ ಒಟ್ಟಿಗೆ ಒಳಗೆ ಕರೆಯಿರಿ.

ಈಗ ನಿಮ್ಮ ಪ್ರಶ್ನೆಗಳು. ಎದ್ದು ಕೇಳಲು ಸಂಕೋಚವಾದರೆ ಚೀಟಿಯಲ್ಲಿ ಬರೆದು ಕಳಿಸಿ, ಹೆಸರು ಹಾಕುವುದೇನೂ ಬೇಡ.